ಹಳೇ ನಕ್ಷೆಯಲ್ಲಿ ನಮ್ಮ ಕೃಷ್ಣೆ

ಅಮೆರಿಕದ ಸೈನ್ಯ 1950ರ ದಶಕದಲ್ಲಿ ಅಚ್ಚು ಹಾಕಿಸಿದ ಭಾರತದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದವರು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ನಿಮ್ಮೂರನ್ನೂ ಹುಡುಕಿ ನೋಡಿ, ಹೊತ್ತು ಹೋದದ್ದೇ ತಿಳಿಯುವುದಿಲ್ಲ! ಅಳತೆ 1:2,50,000. ಅಂದರೆ ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್ ನೆಲ.

ಮಿರಜದಿಂದ ಬರುವ ರೈಲು ಹಳಿ ಹೊಳೆಯ ಅಂಕುಡೊಂಕಿನ ತಂಟೆಗೆ ಹೋಗದೆ ಶೇಡಬಾಳ, ಉಗಾರ ಮುಟ್ಟಿ, ಕುಡಚಿಯ ಹತ್ತಿರ ಒಂದೇ ಸಲ ಕೃಷ್ಣೆಯನ್ನು ದಾಟುತ್ತದೆ. 19ನೇ ಶತಮಾನದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹಾಕಿದ ದಾರಿ ಅದು. (ಖುರ್ದ ಅಂದರೆ ಚಿಕ್ಕದು, ಬುದ್ರುಕ ಅಂದರೆ ದೊಡ್ಡದು. ರೈಲು, 1939ರ ಸಕ್ಕರೆ ಕಂಪನಿ ಎರಡೂ ಸಿಕ್ಕಿದ್ದು ಉಗಾರ ಖುರ್ದಕ್ಕೆ!)

ಹೊಳೆಯ ಬದಿಗೆ ಮಾತ್ರ ಎತ್ತರ ತೋರಿಸುವ ಗೆರೆಗಳು ತೀರಾ ವಿರಳ. ಗೆರೆ ಇಲ್ಲ ಅಂದರೆ ನೆಲ ಸಪಾಟು. ನೀರು ಉಕ್ಕಿದರೆ ತಡೆಯುವುದೇನೂ ಇಲ್ಲ. 2005, 2019, 2021ರಲ್ಲಿ ಪ್ರವಾಹ ಬಂದಾಗ ಕೇಳಿದ್ದು ಒಂದೇ ಜಗಳ: ಕೊಯ್ನಾದಿಂದ ನೀರು ಬಿಟ್ಟದ್ದು ಹೆಚ್ಚಾಯಿತೋ, ಆಲಮಟ್ಟಿಯ ಹಿನ್ನೀರೋ? ಆ ಜಗಳ ಬೇಡವೆನ್ನುವುದಿಲ್ಲ. ಆದರೆ ಈ ನಕ್ಷೆ ಅಚ್ಚಾದಾಗ ಎರಡೂ ಆಣೆಕಟ್ಟು ಇರಲಿಲ್ಲ, ನೆಲ ಹೀಗೇ ಇತ್ತು.

ಪ್ರತಿ ಸಲವೂ ಜುಗೂಳ, ಮಂಗಾವತಿಯಂಥ ಊರುಗಳನ್ನು ಎತ್ತರಕ್ಕೆ ಸಾಗಿಸುವ ಮಾತು ಬರುತ್ತದೆ. ಎಲ್ಲಿದೆ ಆ ಎತ್ತರ ಅಂತ ನಕ್ಷೆಯ ಮೇಲೆ ಬೆರಳಾಡಿಸಿದರೆ, ಅದು ಹೊಳೆ ಬಿಟ್ಟು ದೂರ ಹೋಗಿ ಇನ್ಯಾರದೋ ಹೊಲದಲ್ಲಿ ನಿಲ್ಲುತ್ತದೆ...