ಹೆಬ್ಬಾಳದ ವಿದ್ಯಾಕ್ಷೇತ್ರವೂ ವ್ಯಾಸಂಗದ ಲೆಕ್ಕವೂ

ಒಂದು ಕಾಲೇಜಿನಲ್ಲಿ ಓದಿ ಗಳಿಸಿದುದನ್ನು ಮತ್ತೊಂದು ಕಾಲೇಜು ಒಪ್ಪುವುದೋ ಇಲ್ಲವೋ ಎಂಬ ಚಿಂತೆಯು ಮಠಗಳ ಪ್ರಸಾದನಿಲಯಗಳಲ್ಲಿದ್ದು ಓದಿದ ಅನೇಕರಿಗೆ ಅನುಭವಸಿದ್ಧವಾದುದು. ಈ ಲೆಕ್ಕದ ಚರಿತ್ರೆಯಲ್ಲಿ ಬೆಂಗಳೂರಿನ ಬಡಗು ದಿಕ್ಕಿನ ಹೆಬ್ಬಾಳಕ್ಕೆ ಹಿರಿದಾದ ಸ್ಥಾನವುಂಟೆಂಬುದನ್ನು ಸದ್ಭಕ್ತರಲ್ಲಿ ಅರಿಕೆಮಾಡುವುದೇ ಈ ಲೇಖನದ ಉದ್ದೇಶವು.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರಿನ ಮಹಾರಾಜಾ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ಒಡೆತನ ಬದಲಾದರೂ ಕ್ರಮವು ಬದಲಾಗಲಿಲ್ಲ. ವರ್ಷಾಂತ್ಯದ ಪರೀಕ್ಷೆಯೇ ಸರ್ವಸ್ವವಾಗಿದ್ದಿತು. ತೇರ್ಗಡೆಯಾದವನಿಗೆ ಸರ್ಟಿಫಿಕೇಟು ದೊರೆಯುತ್ತಿದ್ದಿತು. ನಡುವೆಯೇ ಊರು ಬಿಡಬೇಕಾಗಿ ಬಂದವನಿಗೆ ಆರು ತಿಂಗಳ ಓದು ನೀರಿನಲ್ಲಿ ಹೋಮಮಾಡಿದಂತೆ. ಪಟ್ಟಣದವರಿಗೆ ಅದು ಒಂದು ವರ್ಷದ ನಷ್ಟ. ಒಕ್ಕಲಿನ ಮನೆಗಾದರೋ ಒಂದು ಬೆಳೆಯ ಹಣ.

ಇನ್ನು ಹೆಬ್ಬಾಳದ ಕಥೆ. 1899ರಲ್ಲಿ, ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ಕೃಷಿ ಪ್ರಯೋಗಗಳಿಗಾಗಿ ಇಲ್ಲಿ 30 ಎಕರೆ ಭೂಮಿಯನ್ನು ದಯಪಾಲಿಸಿದರು. 1913ರಲ್ಲಿ ವ್ಯವಸಾಯದ ಶಾಲೆಯೂ 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧೀನದಲ್ಲಿ ಕೃಷಿ ಕಾಲೇಜೂ ತಲೆಯೆತ್ತಿದುವು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವೇ ಹುಟ್ಟಿತು; ಡಾಕ್ಟರ್ ಕೆ. ಸಿ. ನಾಯಕರು ಪ್ರಥಮ ಕುಲಪತಿಗಳು. ಅಮೆರಿಕದ ಟೆನೆಸೀ ವಿಶ್ವವಿದ್ಯಾನಿಲಯದ ನೆರವೂ ಒದಗಿತು. ಅಮೆರಿಕದ ಮಾದರಿಯೊಡನೆ ಬಂದುದೇ ಕ್ರೆಡಿಟ್ಟಿನ ಪದ್ಧತಿ. ವರ್ಷವನ್ನು ಅವಧಿಗಳಾಗಿ ಒಡೆದು, ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್ಟೆಂದು ಎಣಿಸುವರು. ಹೊಲದಲ್ಲಿಯೋ ಪ್ರಯೋಗಶಾಲೆಯಲ್ಲಿಯೋ ಅದಕ್ಕಿಂತ ಹೆಚ್ಚು ಹೊತ್ತು ದುಡಿದರೆ ಮಾತ್ರ ಅಷ್ಟೇ ಕ್ರೆಡಿಟ್ಟು ಸಲ್ಲುವುದು. ಪಠ್ಯಪಟ್ಟಿಯಲ್ಲಿ ‘2+1’ ಎಂದಿದ್ದರೆ ಎರಡು ಪಾಠದ್ದು, ಒಂದು ಕೈಗೆಲಸದ್ದು. ಕಾಯಕವನ್ನು ಮರೆಯದ ಸಮಾಜಕ್ಕೆ ಈ ‘+1’ ಅಪರಿಚಿತವೆನಿಸದು. ಆದರೆ ದುಡಿಮೆಯ ಗಂಟೆಗೆ ಬೆಲೆ ಕಡಮೆಯಾದುದೇಕೋ, ವಿದ್ವಾಂಸರು ಹೇಳಬೇಕು!

1947ರಲ್ಲಿ ಆರಂಭವಾದ ಧಾರವಾಡದ ಕೃಷಿ ಕಾಲೇಜು 1965ರಲ್ಲಿ ಇದೇ ವಿಶ್ವವಿದ್ಯಾನಿಲಯಕ್ಕೆ ಸೇರಿದುದರಿಂದ ಉತ್ತರ ದಕ್ಷಿಣಗಳೆರಡಕ್ಕೂ ಒಂದೇ ಅಳತೆಗೋಲು ದೊರೆಯಿತು. 1986ರಲ್ಲಿ ಧಾರವಾಡವು ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಅಳತೆಗೋಲು ಮಾತ್ರ ಬೇರೆಯಾಗಲಿಲ್ಲ.

ಉಳಿದ ಕಾಲೇಜುಗಳಿಗೆ ಈ ಮಾರ್ಗವು ಬಹು ತಡವಾಗಿ ತೆರೆಯಿತು. 2021ರಲ್ಲಿ ವಿಶ್ವವಿದ್ಯಾನಿಲಯಗಳ ಅನುದಾನ ಆಯೋಗವು ಕ್ರೆಡಿಟ್ಟುಗಳ ಬ್ಯಾಂಕಿಗೆ ನಿಬಂಧನೆಗಳನ್ನು ಹೊರಡಿಸಿತು. ಹಣದಂತೆ ಕ್ರೆಡಿಟ್ಟನ್ನೂ ಖಾತೆಯಲ್ಲಿರಿಸಿ, ಬೇರೊಂದು ಸಂಸ್ಥೆಯಲ್ಲಿ ಪದವಿಗಾಗಿ ಉಪಯೋಗಿಸಬಹುದು. ಆ ನಿಬಂಧನೆಗಳಂತೆ ಹೆಚ್ಚೆಂದರೆ ಏಳು ವರ್ಷ ಅದಕ್ಕೆ ಆಯುಸ್ಸು. ಪದವಿ ನೀಡುವ ಸಂಸ್ಥೆಯಲ್ಲಿಯೇ ಅರ್ಧದಷ್ಟನ್ನಾದರೂ ಗಳಿಸಿರತಕ್ಕದ್ದು.

ಆದರೆ ಬ್ಯಾಂಕಿನಲ್ಲಿ ಇದ್ದಮಾತ್ರಕ್ಕೆ ಎಲ್ಲವೂ ಸಲ್ಲುವುದೆಂದು ಬಗೆಯಲಾಗದು. ಹೆಸರು ಒಂದೇ ಆದರೂ ಪಾಠ್ಯವಿಷಯ ಬೇರೆಯಾಗಿರುವುದುಂಟು. ಸೇರಿಸಿಕೊಳ್ಳುವ ಸಂಸ್ಥೆಯು ಅದನ್ನು ಹೋಲಿಸಿ ನೋಡಿಯೇ ಒಪ್ಪುವುದು. ಯಲಹಂಕ, ಹೆಬ್ಬಾಳಗಳ ಕಾಲೇಜುಗಳಿಗೆ ದೂರದೂರುಗಳಿಂದ ಮಕ್ಕಳನ್ನು ಕಳುಹಿಸುವ ಶಿಷ್ಯರು ಅಂಕಪಟ್ಟಿಯೊಡನೆ ಆಯಾ ವರ್ಷದ ಪಠ್ಯಕ್ರಮದ ಪ್ರತಿಯನ್ನೂ ಜೋಪಾನವಾಗಿಡಿಸಿ, ಎಷ್ಟು ಕ್ರೆಡಿಟ್ಟು ಸಲ್ಲುವುದೆಂಬುದನ್ನು ಶುಲ್ಕ ಕಟ್ಟುವ ಮೊದಲೇ ಬರೆಹದಲ್ಲಿ ಪಡೆದುಕೊಳ್ಳಬೇಕೆಂದು ವಿನಂತಿಸುತ್ತೇನೆ.