ಉಗುರು ತೋರಿಸು: ತುಂಗಭದ್ರೆಯ ದಡದ ಒಂದು ಹಳೆಯ ಪಾಠ

ಹಂಪೆಗೆ ಹೋದವರೆಲ್ಲ ನೋಡಿ ಬರುವ ನರಸಿಂಹನಿಗೆ ಉಗುರುಗಳಿಲ್ಲ. 1528ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಒಂದೇ ಬಂಡೆಯಲ್ಲಿ ಕಡೆದ 6.7 ಮೀಟರ್ ಎತ್ತರದ ಈ ಮೂರ್ತಿಯ ಕೈಗಳು ಮುರಿದುಹೋಗಿವೆ. ಎಡತೊಡೆಯ ಮೇಲಿದ್ದ ಲಕ್ಷ್ಮಿಯೂ ಈಗ ಅಲ್ಲಿಲ್ಲ. ಲಕ್ಷ್ಮಿಯನ್ನು ಕಳೆದುಕೊಂಡ ಮೇಲೆ ಜನ ಅದನ್ನು ಉಗ್ರನರಸಿಂಹ ಎಂದು ಕರೆಯತೊಡಗಿದರು. ವಿಗ್ರಹದಲ್ಲಿ ಉಗುರಿಲ್ಲದಿದ್ದರೂ ಹರಿಕಥೆಯಲ್ಲಿ ಉಂಟು. ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತಿನಲ್ಲಿ, ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲ ಮೇಲೆ ಹಿರಣ್ಯಕಶಿಪುವನ್ನು ಕೊಲ್ಲಲು ದೇವರು ಆರಿಸಿಕೊಂಡ ಆಯುಧ ಉಗುರು. ಅದಕ್ಕೆ ಜೀವ ಇದೆ ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು ಎಂದು ಹರಿಕಥೆ ದಾಸರು ಬಿಡಿಸಿ ಹೇಳುತ್ತಾರೆ.

ಶರೀರಶಾಸ್ತ್ರದ ಪುಸ್ತಕಗಳು ಹೇಳುವುದೂ ಹೆಚ್ಚೂಕಡಿಮೆ ಇದನ್ನೇ. ನಮ್ಮ ಕಣ್ಣಿಗೆ ಕಾಣುವ ಉಗುರು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನ ಪದರ, ಕತ್ತರಿಸಿದರೆ ನೋವಿಲ್ಲ. ಆದರೆ ಅದನ್ನು ಹುಟ್ಟಿಸುವ ಭಾಗ ಚರ್ಮದಡಿ, ಬುಡದಲ್ಲಿ, ಜೀವಂತವಾಗಿದೆ. ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು. ಕಾಲಬೆರಳಿನದು ಇನ್ನೂ ನಿಧಾನ, ವರ್ಷ ಒಂದೂವರೆ ವರ್ಷ. ಬುಡದ ತೆಳುಚರ್ಮ ನೀರು, ಕೊಳೆ ಒಳಗಿಳಿಯದಂತೆ ಕಾಯುವ ಬಾಗಿಲು. ಅದನ್ನು ಕಿತ್ತರೆ ಬರುವುದು ಉಗುರುಸುತ್ತು. ಈ ಕಾಯಿಲೆ ಎಷ್ಟು ಸಾಮಾನ್ಯವಾಗಿತ್ತು ಎಂದರೆ ಕನ್ನಡ ಅದರ ಮೇಲೊಂದು ಒನಕೆಪೆಟ್ಟನ್ನೂ ಸೇರಿಸಿ ಗಾದೆ ಮಾಡಿಕೊಂಡಿದೆ. ಊದಿದ ಬೆರಳಿಗೆ ತೂತು ಮಾಡಿದ ನಿಂಬೆಹಣ್ಣನ್ನು ಟೊಪ್ಪಿಗೆಯಂತೆ ಸಿಕ್ಕಿಸುವುದು ಊರೂರಲ್ಲಿ ಇದ್ದ ಮದ್ದು.

ಉಗುರು ತೆಗೆಯುವುದು ವೈದ್ಯಶಾಸ್ತ್ರದ ದಿನಚರಿಯಲ್ಲಿ ಬಹಳ ಹಿಂದೆಯೇ ಸೇರಿದೆ. ಪಕ್ಷಕ್ಕೆ ಮೂರು ಸಲ, ಅಂದರೆ ಐದು ದಿನಕ್ಕೊಮ್ಮೆ, ಕೂದಲು ಗಡ್ಡದ ಜೊತೆಗೆ ಉಗುರನ್ನೂ ತೆಗೆಸಬೇಕೆಂದು ಚರಕಸಂಹಿತೆ ವಿಧಿಸುತ್ತದೆ. ಆದರೆ ಗಡ್ಡದ ಜೊತೆ ಹೇಳಿದ ಈ ಮಾತು ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು ಎಂಬುದು ಸ್ಪಷ್ಟ. ಹಳ್ಳಿಯ ವ್ಯವಸ್ಥೆಯೂ ಹಾಗೆಯೇ ಇತ್ತು. ವಿಜಯನಗರದ ಕಾಲದ ಆಯಗಾರರಲ್ಲಿ ಕ್ಷೌರಿಕನೂ ಒಬ್ಬ. ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಕಾಳು ಅವನಿಗೆ ಸಲ್ಲುತ್ತಿತ್ತು. ಈ ಕಸುಬಿನವರು ದೊರೆಗಳ ಕಿವಿಯ ಹತ್ತಿರ ಇದ್ದವರು ಎಂಬುದಕ್ಕೆ ಶಾಸನಗಳ ಸಾಕ್ಷಿ ಇದೆ. ಸದಾಶಿವರಾಯ ಸಿಂಹಾಸನದಲ್ಲಿದ್ದು ಅಳಿಯ ರಾಮರಾಯ ಆಡಳಿತ ನಡೆಸುತ್ತಿದ್ದ ದಿನಗಳಲ್ಲಿ ಕೊಂಡೋಜ ಎಂಬ ಕ್ಷೌರಿಕ ತನ್ನ ಕೈಚಳಕದಿಂದ ರಾಮರಾಯನನ್ನು ಮೆಚ್ಚಿಸಿ, ತನ್ನ ಕುಲದವರ ಮೇಲಿನ ತೆರಿಗೆಯನ್ನೇ ಮಾಫಿ ಮಾಡಿಸಿಕೊಂಡ. ಬಾದಾಮಿ ಸೇರಿದಂತೆ ಹಲವು ಕಡೆ ಆ ಮಾಫಿಯ ಶಾಸನಗಳು ಸಿಕ್ಕಿವೆ. ತನಗೊಂದು ಊರು ಕೇಳದೆ ಎಲ್ಲರಿಗೂ ಸಲ್ಲುವುದನ್ನು ಕೇಳಿದ ಆ ಮನುಷ್ಯನ ಹೆಸರು ಪಠ್ಯಪುಸ್ತಕಗಳಲ್ಲಿ ಇನ್ನಷ್ಟು ಕಾಣಬೇಕಿತ್ತು.

ಹೆಣ್ಣುಮಕ್ಕಳ ಉಗುರು ಮಾತ್ರ ಮನೆಯೊಳಗಿನ ಕೆಲಸ. ಅಜ್ಜಿ, ಅವ್ವ, ದೊಡ್ಡಮ್ಮ ಇವರೇ ಗುರುಗಳು. ಪಾಠಗಳೆಲ್ಲ ‘ಬಾರದು’ ಎಂದೇ ಮುಗಿಯುತ್ತಿದ್ದವು. ಮಂಗಳವಾರ, ಶುಕ್ರವಾರ ಉಗುರು ತೆಗೆಯಬಾರದು. ದೀಪ ಹಚ್ಚಿದ ಮೇಲೆ ತೆಗೆಯಬಾರದು. ಹೊಸ್ತಿಲ ಮೇಲೆ ಕೂತು ತೆಗೆಯಬಾರದು. ಕತ್ತರಿಸಿದ ಚೂರು ಮನೆಯೊಳಗೆ ಬೀಳಬಾರದು. ಕಚ್ಚಿದರಂತೂ ದಾರಿದ್ರ್ಯ. ಮುಸ್ಸಂಜೆಯೂ ಹೊಸ್ತಿಲೂ ಉಗುರೂ ಇಲ್ಲಿ ಮತ್ತೆ ಒಟ್ಟಿಗೆ ಬಂದಿರುವುದನ್ನು ಗಮನಿಸಬಹುದು; ನರಸಿಂಹನ ಕಥೆಯನ್ನೇ ಕಾರಣವಾಗಿ ಹೇಳುವ ಹಿರಿಯರೂ ಇದ್ದಾರೆ.

ಇವನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಇದೆಲ್ಲ ವಿಜ್ಞಾನವೇ ಎಂದು ಕೊಂಡಾಡುವುದು ಅದಕ್ಕಿಂತ ಸುಲಭ, ಅದು ಈಗ ಒಂದು ಚಾಳಿಯೂ ಆಗಿದೆ. ಮಂಗಳವಾರಕ್ಕೂ ಉಗುರಿಗೂ ಯಾವ ಸಂಬಂಧವೂ ಇಲ್ಲ. ಆದರೆ ಹರಳೆಣ್ಣೆ ದೀಪದ ಮಿಣುಕು ಬೆಳಕಿನಲ್ಲಿ, ಚೂಪು ಕತ್ತಿಯಿಂದ ಏಳು ವರ್ಷದ ಮಗುವಿನ ಬೆರಳ ತುದಿ ಕೆತ್ತುವುದು ಅಪಾಯದ ಕೆಲಸವೇ. ನೆಲದ ಮೇಲೆ ಕೂತು ಉಣ್ಣುವ, ನೆಲದ ಮೇಲೆಯೇ ಹಿಟ್ಟು ಬೀಸುವ ಮನೆಯಲ್ಲಿ ಚೂರುಗಳು ಹರಡಬಾರದು ಎನ್ನುವುದಕ್ಕೂ ಅರ್ಥವಿತ್ತು. ಮಾಟದವರ ಕೈಗೆ ಸಿಕ್ಕೀತು ಎಂಬ ಅಂಜಿಕೆ ಅದಕ್ಕೆ ಕಾವಲು ನಿಂತಿತ್ತು. ಕಚ್ಚಬಾರದು ಎಂಬುದಂತೂ ಇಂದಿನ ವೈದ್ಯರೂ ಒಪ್ಪುವ ಮಾತು. ಜಂತುಹುಳುವಿನ ಸಣ್ಣ ಮೊಟ್ಟೆಗಳು ಮಕ್ಕಳ ಹೊಟ್ಟೆಗೆ ಹೋಗುವ ದಾರಿಗಳಲ್ಲಿ ಉಗುರಿನ ಸಂದಿಯೂ ಒಂದು.

ನಿಷೇಧಗಳ ನಡುವೆ ಒಂದು ಸಂಭ್ರಮದ ಪಾಠವೂ ಇತ್ತು. ಅದು ಗೋರಂಟಿ.

ಹೊಸಪೇಟೆ ಸೀಮೆ ಕನ್ನಡ ತೆಲುಗು ಬೆರೆತ ನೆಲ. ಅದರ ಮೇಲೆ ಉರ್ದು, ಲಂಬಾಣಿ, ಸಂಡೂರಿನ ಕಡೆ ಘೋರ್ಪಡೆ ದೊರೆಗಳ ಕಾಲದ ಮರಾಠಿ. ಹೀಗಾಗಿ ಒಂದೇ ಗಿಡಕ್ಕೆ ಮದರಂಗಿ, ಗೋರಂಟಿ, ಮೆಹಂದಿ ಎಂದು ಓಣಿಗೊಂದು ಹೆಸರು. ತೆಲುಗರು ಉಗುರಿಗೆ ‘ಗೋರು’ ಎನ್ನುತ್ತಾರೆ. ನಮ್ಮ ‘ಉಗುರು’, ತಮಿಳಿನ ‘ಉಗಿರ್’ ಇವುಗಳ ಒಡಹುಟ್ಟಿದ ಮಾತೇ ಅದು. ಗೋರಿಂಟ ಎಂಬ ಗಿಡದ ಹೆಸರಿನೊಳಗೆ ಆ ಗೋರು ಅಡಗಿದೆ ಎಂದು ತೆಲುಗರ ಎಣಿಕೆ. ಕನ್ನಡದಲ್ಲಿ ಗೋರಂಟಿ ಎಂದರೆ ಮುಳ್ಳಿನ ಬೇಲಿಯಲ್ಲಿ ಹೂ ಬಿಡುವ ಬೇರೊಂದು ಗಿಡವೂ ಹೌದಾದ್ದರಿಂದ ಈ ವ್ಯುತ್ಪತ್ತಿಯನ್ನು ಬಹಳ ಎಳೆಯದಿರುವುದು ಒಳ್ಳೆಯದು. ಲಿನ್ನೇಯಸ್ 1753ರಲ್ಲಿ ಈ ಮದರಂಗಿಗೆ ಇಟ್ಟ ಶಾಸ್ತ್ರೀಯ ಹೆಸರು ಲಾಸೋನಿಯಾ ಇನರ್ಮಿಸ್. ಪುಣೆಯ ಭಂಡಾರ್ಕರ್ ಸಂಸ್ಥೆಯ ಪಿ.ಕೆ. ಗೋಡೆಯವರು ಮೆಹಂದಿಯ ಚರಿತ್ರೆಯನ್ನೇ ಕೆದಕಿ ಲೇಖನ ಬರೆದಿದ್ದಾರೆ. ಸಂಸ್ಕೃತ ಕಾವ್ಯದ ನಾಯಕಿಯರ ಪಾದಕ್ಕೆ ಕೆಂಪು ಕೊಟ್ಟದ್ದು ಹೆಚ್ಚಾಗಿ ಅರಗಿನ ರಸ, ಅಂದರೆ ಅಲಕ್ತಕ.

1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿನ ಜನ ಕಿವಿ, ಕೊರಳು, ತೋಳು, ಬೆರಳುಗಳಿಗೆ ಒಡವೆ ತೊಡುವುದನ್ನು ಬರೆದಿಟ್ಟ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಡೊಮಿಂಗೊ ಪಯಸ್, ಮಹಾನವಮಿಯಲ್ಲಿ ಅರಮನೆಯ ಹೆಂಗಳೆಯರು ಹೊತ್ತ ಚಿನ್ನದ ಭಾರ ಕಂಡು ಬೆರಗಾದ. ಪರದೇಶದವರ ಕಣ್ಣು ಉಂಗುರದ ಮೇಲೆ ನಿಂತಿತು. ಉಂಗುರವಿಲ್ಲದ ಬೆರಳುಗಳ ಕಥೆ ಮನೆಗಳ ಒಳಗಿತ್ತು.

ತೆಲುಗು ಮನೆಗಳಲ್ಲಿ ಆಷಾಢದಲ್ಲಿ, ಕನ್ನಡ ಮನೆಗಳಲ್ಲಿ ನಾಗರಪಂಚಮಿಗೆ, ಮುಸ್ಲಿಮರಲ್ಲಿ ಹಬ್ಬದ ಹಿಂದಿನ ರಾತ್ರಿ ಗೋರಂಟಿ ಅರೆಯುವುದು ವಾಡಿಕೆ. ಹಸಿ ಸೊಪ್ಪಿಗೆ ಹುಣಸೆಹಣ್ಣು, ಚೂರು ಕಾಚು ಸೇರಿಸಿ ಒರಳಲ್ಲಿ ನುಣ್ಣಗೆ ರುಬ್ಬಬೇಕು. ಕೋನು ಬರುವ ಮೊದಲು ಅಂಗೈ ತುಂಬ ಬಳ್ಳಿ ಬಿಡಿಸುವ ಚಿತ್ತಾರ ಹಳ್ಳಿಮನೆಗಳಲ್ಲಿ ಕಡಿಮೆ. ಅಂಗೈ ನಡುವೆ ಒಂದು ದುಂಡು ಬೊಟ್ಟು, ಸುತ್ತ ಸಣ್ಣ ಬೊಟ್ಟುಗಳು, ಬೆರಳ ತುದಿಗೆಲ್ಲ ಟೊಪ್ಪಿಗೆ, ಅಷ್ಟೆ. ಹಚ್ಚುವ ಮೊದಲು ಉಗುರು ಕತ್ತರಿಸಿ, ಸೀಗೆಪುಡಿಯಲ್ಲಿ ಕೈ ತಿಕ್ಕಿ ತೊಳೆದು, ಎಣ್ಣೆಯ ಪಸೆ ಹೋಗಿದೆಯೇ ಎಂದು ಅಜ್ಜಿ ಬೆರಳು ಬೆರಳು ಹಿಡಿದು ನೋಡುತ್ತಾಳೆ. ಎಲ್ಲಿ ಸೀಳಿದೆ, ಎಲ್ಲಿ ಬುಡ ಕೆಂಪಾಗಿದೆ, ಯಾವುದನ್ನು ಕಚ್ಚಲಾಗಿದೆ, ಎಲ್ಲ ಆಗ ಬಯಲು. ಮರುದಿನ ತೊಳೆದ ಮೇಲೆ ಬೆರಳಿಗೆ ಮತ್ತೆ ಎಣ್ಣೆ. ಬಣ್ಣ ಗಾಢವಾಗಿ ಬಂದರೆ ಗಂಡ ಒಳ್ಳೆಯವನು ಸಿಗುತ್ತಾನೆ ಎಂಬ ಆಸೆ ಹಚ್ಚಿ ಮಗುವನ್ನು ರಾತ್ರಿಯಿಡೀ ಕೈ ಅಲುಗಿಸದಂತೆ ಮಲಗಿಸುವ ಉಪಾಯ ಬೇರೆ. ಸೊಪ್ಪಿನಲ್ಲಿರುವ ಲಾಸೋನ್ ಎಂಬ ವಸ್ತು ಕೆರಾಟಿನ್ನಿಗೆ ಅಂಟಿಕೊಳ್ಳುತ್ತದೆ. ಹುಣಸೆಯ ಹುಳಿ ಅದು ಹೊರಬರಲು ನೆರವಾಗುತ್ತದೆ. ಚರ್ಮದ ಬಣ್ಣ ಎರಡು ವಾರದಲ್ಲಿ ಹೋದರೂ ಉಗುರಿನದು ಉಗುರು ಬೆಳೆದು ಕತ್ತರಿಸುವ ತನಕ ನಿಲ್ಲುತ್ತದೆ. ಪಂಚಮಿಯ ಕೆಂಪು ಸಂಕ್ರಾಂತಿಯ ಹೊತ್ತಿಗೆ ತುದಿಯಲ್ಲಿ ಒಂದು ಅರ್ಧಚಂದ್ರವಾಗಿ ಉಳಿಯುವುದನ್ನು ನೋಡಿಯೇ ಹುಡುಗಿಯರು ಉಗುರು ಬೆಳೆಯುವ ವೇಗ ತಿಳಿದರು.

ಈ ಬೆರಳುಗಳು ಬರಿದೆ ಕೂರುವಂಥವಲ್ಲ. ಶೇಂಗಾ ಸುಲಿಯಲು, ಹತ್ತಿ ಬಿಡಿಸಲು ಉಗುರೇ ಸಲಕರಣೆ. ಕಂಪ್ಲಿಯ ಸುತ್ತ ವಿಜಯನಗರದ ಕಾಲುವೆಗಳ ನೀರಿನಲ್ಲಿ ಹಿಂದಿನಿಂದಲೂ ಗದ್ದೆಗಳಿದ್ದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿದ ಮೇಲೆ ಜೋಳ ಬೆಳೆಯುತ್ತಿದ್ದ ಎರೆಹೊಲಗಳೂ ಭತ್ತಕ್ಕೆ ತಿರುಗಿದವು. ನಾಟಿ ಹೆಂಗಸರ ಕೆಲಸ. ದಿನವಿಡೀ ಕೆಸರುನೀರಿನಲ್ಲಿ ನೆನೆದ ಬೆರಳಿನ ಬುಡದ ಚರ್ಮ ಬಿಟ್ಟುಕೊಳ್ಳುತ್ತದೆ, ಉಗುರಿನ ಸಂದಿಗೆ ಬೂಷ್ಟು ಇಳಿಯುತ್ತದೆ. ಗದ್ದೆಯ ಮೇಲೆ ಬೆಳ್ಳಕ್ಕಿ ಸಾಲು ಹಾರಿದಾಗ ಮಕ್ಕಳು ಉಗುರಿಗೆ ಉಗುರು ಉಜ್ಜುತ್ತ ಬಿಳಿ ಚುಕ್ಕೆ ಬೇಡುವ ಆಟ ಮಾತ್ರ ನಿಲ್ಲಲಿಲ್ಲ. ಆ ಚುಕ್ಕೆ ಬಂದರೆ ಹೊಸಬಟ್ಟೆ ಸಿಗುತ್ತದೆಂದು ಮಕ್ಕಳ ನಂಬಿಕೆ, ಸುಣ್ಣದ ಅಂಶ ಕಡಿಮೆಯಾಗಿದೆಯೆಂದು ದೊಡ್ಡವರ ನಂಬಿಕೆ. ಸಾಮಾನ್ಯವಾಗಿ ಅದು ಉಗುರಿನ ಬುಡಕ್ಕೆ ಎಂದೋ ಬಿದ್ದ ಸಣ್ಣ ಪೆಟ್ಟಿನ ಗುರುತು, ಅಷ್ಟೇ.

ಸಂಡೂರಿನ ಲಂಬಾಣಿ ತಾಂಡಾಗಳಲ್ಲಿ ಉಗುರಿನ ಪಾಠಕ್ಕೆ ಇನ್ನೊಂದು ಕಾರಣ. ಕನ್ನಡಿ, ಕವಡೆ ಕೂರಿಸಿ ಹೊಲಿಯುವ ಕಸೂತಿಯನ್ನು ಹುಡುಗಿಯರು ತಾಯಂದಿರ ಪಕ್ಕ ಕೂತು ಕಲಿಯುತ್ತಾರೆ. ಸೀಳಿದ ಉಗುರಿಗೆ ನೂಲು ಸಿಕ್ಕಿದರೆ ಎಳೆ ಎದ್ದು ಹೊಲಿಗೆ ಕೆಡುತ್ತದೆ. ಬಟ್ಟೆಯ ಮಡಿಕೆಯನ್ನು ಗೀರಿ ಕೂರಿಸಲು ಮತ್ತೆ ಉಗುರೇ ಬೇಕು. ಹಾಗಾಗಿ ಉಗುರು ಉದ್ದವೂ ಆಗಬಾರದು, ಬುಡಕ್ಕೆ ಸೇರುವಂತೆ ಕತ್ತರಿಸಲೂಬಾರದು. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿರುವ ಈ ಕಸೂತಿಯನ್ನು ಸಂಡೂರು ಕುಶಲ ಕಲಾ ಕೇಂದ್ರ ಹೊರಜಗತ್ತಿಗೆ ಮುಟ್ಟಿಸಿತು. 2023ರ ಜುಲೈಯಲ್ಲಿ ಹಂಪೆಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸುಮಾರು 450 ಹೆಂಗಸರು ಹೊಲಿದ 1755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಅದೇ ಸಂಡೂರಿನ ಇನ್ನೊಂದು ಮುಖ ಕೆಂಪು ದೂಳಿನದು. 2000ದ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಹೊಸಪೇಟೆ, ಸಂಡೂರು ಸುತ್ತ ಹೊಲಗಳನ್ನೂ ಅಗೆದರು; ಗಂಡಸರು, ಹೆಂಗಸರು, ಮಕ್ಕಳು ಸುತ್ತಿಗೆ ಹಿಡಿದು ಅದಿರು ಒಡೆದರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವವರೆಗೆ ಇದು ನಡೆಯಿತು. ಆ ದೂಳು ಉಗುರಿನ ಸಂದಿಯಲ್ಲಿ ಕೂತರೆ ಸಾಬೂನಿಗೆ ಸುಲಭವಾಗಿ ಬಗ್ಗುವುದಿಲ್ಲ.

ಇಲ್ಲಿ ಶಾಲೆಯ ಪಾಠ ಬರುತ್ತದೆ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಸಾಲಾಗಿ ನಿಲ್ಲಿಸಿ ‘ಉಗುರು ತೋರಿಸು’ ಎನ್ನುವುದು ಕನ್ನಡ ಶಾಲೆಗಳ ಹಳೆಯ ಪದ್ಧತಿ. ಉದ್ದೇಶ ಒಳ್ಳೆಯದೇ. 2002ರಲ್ಲಿ ಬಳ್ಳಾರಿ ಸೇರಿದಂತೆ ರಾಜ್ಯದ ಏಳು ಜಿಲ್ಲೆಗಳಲ್ಲಿ ಮೊದಲು ಶುರುವಾದ ಅಕ್ಷರದಾಸೋಹದ ಬಿಸಿಯೂಟ, ಕೈತೊಳೆಯುವುದಕ್ಕೂ ಉಗುರಿಗೂ ಹೊಸ ಮಹತ್ವ ತಂದಿತು. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಲ್ಬೆಂಡಜೋಲ್ ಮಾತ್ರೆಯೂ ಶಾಲೆಗೆ ಬಂತು. ಆದರೆ ಅಜ್ಜಿ ಕೈಹಿಡಿದು ನೋಡುವುದಕ್ಕೂ ಮೇಷ್ಟರು ಕೋಲು ಹಿಡಿದು ನೋಡುವುದಕ್ಕೂ ಅಂತರವಿದೆ. ಮುಂಜಾನೆ ಹೊಲಕ್ಕೋ ಅದಿರಿಗೋ ಹೋಗಿ ಬಂದ ಹುಡುಗಿಯ ಉಗುರಿನ ಕೆಂಪು, ಕೊಳಕಲ್ಲದೆ ಕೂಲಿಯ ಗುರುತೂ ಆಗಿತ್ತು. ಗೆಣ್ಣಿನ ಮೇಲೆ ಬಿದ್ದ ಪೆಟ್ಟಿನಿಂದ ಅದು ಹೋಗುವಂಥದ್ದಲ್ಲ. ಅಂಥ ಹುಡುಗಿ ಮರುದಿನ ಶಾಲೆಗೇ ಬಾರದಿದ್ದರೆ ಸ್ವಚ್ಛತೆಯ ಪಾಠ ಯಾರಿಗೆ ಮುಟ್ಟಿತು?

ಬಣ್ಣದ ಶೀಶೆಗಳ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಅಮೆರಿಕದಲ್ಲಿ ಮೋಟಾರು ಗಾಡಿಗಳ ಬಣ್ಣದ ಒಡನಾಡಿಯಾಗಿ ಬೆಳೆದ ಉಗುರುಬಣ್ಣವನ್ನು ರೆವ್ಲಾನ್ ಕಂಪನಿ 1932ರಲ್ಲಿ ಜನಪ್ರಿಯಗೊಳಿಸಿತು. ನಮ್ಮಲ್ಲಿ ಟಾಟಾದವರ ಲ್ಯಾಕ್ಮೆ 1952ರಲ್ಲಿ ಹುಟ್ಟಿತು. ಹಂಪೆಯ ತೇರಿನ ಜಾತ್ರೆಯ ಬಳೆ ಅಂಗಡಿಯಲ್ಲಿ ರಿಬ್ಬನ್, ಟಿಕಳಿಯ ಪಕ್ಕ ಅಗ್ಗದ ‘ನೈಲ್ ಪಾಲಿಶ್’ ಕೂತು ಬಹಳ ವರ್ಷಗಳಾದವು. ಈಗ ಅಂಟಿಸುವ ಅಕ್ರಿಲಿಕ್ ಉಗುರುಗಳ ಸರದಿ. ಅವನ್ನು ಕಿತ್ತಾಗ ಸ್ವಂತ ಉಗುರಿನ ಮೇಲ್ಪದರವೂ ಜೊತೆಗೆ ಏಳುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ಕ್ಷಣದಲ್ಲಿ ಕಪ್ಪಾಗುವ ಮೆಹಂದಿಯ ವಿಷಯದಲ್ಲಿ. ಸೊಪ್ಪು ಕೊಡುವುದು ಕಿತ್ತಳೆ, ಕಂದುಗೆಂಪು ಮಾತ್ರ. ಕಪ್ಪಿಗಾಗಿ ಸೇರಿಸುವ ಕೂದಲಬಣ್ಣದ ಪಿಪಿಡಿ ರಾಸಾಯನಿಕ ಎಳೆಯ ಚರ್ಮವನ್ನು ಬೊಬ್ಬೆ ಎಬ್ಬಿಸುವಷ್ಟು ಸುಡಬಲ್ಲದು.

ಉಗುರನ್ನು ಹಿಡಿದು ನೋಡುವುದಕ್ಕೆ ಇನ್ನೂ ದೊಡ್ಡ ಕಾರಣವೊಂದಿದೆ. ಗುಲಾಬಿಯಾಗಿರಬೇಕಾದ ಉಗುರು ಬಿಳಿಚಿದ್ದರೆ, ನಡುವೆ ಹಳ್ಳಬಿದ್ದು ಚಮಚದಂತಾಗಿದ್ದರೆ ರಕ್ತದಲ್ಲಿ ಕಬ್ಬಿಣ ಕಡಿಮೆಯಾಗಿದೆ ಎಂಬ ಸೂಚನೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಬೆಟ್ಟಕ್ಕೆ ಬೆಟ್ಟವೇ ಕಬ್ಬಿಣವಾಗಿರುವ, ರೈಲುಗಟ್ಟಲೆ ಅದನ್ನು ಬಂದರಿಗೆ ಕಳಿಸಿದ ಸೀಮೆಯೂ ಇದಕ್ಕೆ ಹೊರತಲ್ಲ. ಮುಟ್ಟು ಶುರುವಾಗುವ ವಯಸ್ಸು, ಬರಿಗಾಲಿನಿಂದ ಏರುವ ಕೊಕ್ಕೆಹುಳು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ಎಲ್ಲವೂ ಕಾರಣ. ಸೊಪ್ಪು, ಕಾಳು, ಸಜ್ಜೆ ರೊಟ್ಟಿ, ಮೇಲೊಂದಿಷ್ಟು ನಿಂಬೆರಸ ತಟ್ಟೆಗೆ ಬರಬೇಕು. ವಾರಕ್ಕೊಂದು ಕಬ್ಬಿಣದ ನೀಲಿ ಮಾತ್ರೆಯನ್ನು ಶಾಲೆಗಳಲ್ಲಿ ಕೊಡುವ ಕಾರ್ಯಕ್ರಮ ದೇಶದಲ್ಲಿ ಒಂದು ದಶಕ ದಾಟಿದೆ. ಹೊಟ್ಟೆ ತೊಳಸುತ್ತದೆಂದು ಅದನ್ನು ಬೇಲಿಗೆಸೆಯುವ ಹುಡುಗಿಯರೂ ಇದ್ದಾರೆ. ಊಟವಾದ ಮೇಲೆ ನುಂಗಿದರೆ ಆ ತೊಂದರೆ ಕಡಿಮೆ.

ಪಂಚಮಿಯ ಮರುವಾರ ತಪಾಸಣೆಗೆ ನಿಂತ ಹುಡುಗಿಯರ ಉಗುರುಗಳೆಲ್ಲ ಗೋರಂಟಿಯಿಂದ ಕೆಂಪಗಿರುತ್ತವೆ. ಕೆಳಗಿನ ಬಿಳಿಚು ಆ ಬಣ್ಣದ ಮರೆಯಲ್ಲಿ ಕಾಣುವುದಿಲ್ಲ. ಆಗ ಉಗುರು ಬಿಟ್ಟು ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಬೇಕು. ಸಂಶಯ ಬಂದರೆ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷೆಗೆ ಕಳಿಸಬೇಕು.