ಶಾನುಭೋಗರ ಕಡತದಿಂದ ಸಿಎ ಸಹಿಯವರೆಗೆ

ನಿಡುಗಲ್ ಬೆಟ್ಟದ ಸುತ್ತಲಿನ ನಮ್ಮ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಲೆಕ್ಕವೆಂದರೆ ಶಾನುಭೋಗರು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಿಸಿದ ಕಡತದಲ್ಲಿ ಬಳಪದಿಂದ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದಿತ್ತು. ಓದು ಬಾರದ ರೈತ ಅವರ ಮಾತನ್ನೇ ನಂಬಬೇಕಿತ್ತು. ವಂಶದಿಂದ ಬರುತ್ತಿದ್ದ ಆ ಹುದ್ದೆಯನ್ನು 1961ರ ಕಾಯ್ದೆ ರದ್ದು ಮಾಡಿತು.

ಇಂದು ಸಂಘ, ಟ್ರಸ್ಟ್‌ಗಳ ಲೆಕ್ಕ ನೋಡುವ ಚಾರ್ಟರ್ಡ್ ಅಕೌಂಟೆಂಟರಿಗೆ 1949ರ ಕಾಯ್ದೆಯ ಕಟ್ಟುಪಾಡಿದೆ: ಪರೀಕ್ಷೆ ಪಾಸಾಗಬೇಕು, ಗ್ರಾಹಕರ ಗುಟ್ಟು ಕಾಯಬೇಕು, ತಪ್ಪಿದರೆ ಶಿಸ್ತುಕ್ರಮ. 2019ರ ಜುಲೈಯಿಂದ ಅವರು ಸಹಿ ಹಾಕುವ ಆಡಿಟ್ ವರದಿಗೆ 18 ಅಂಕಿ-ಅಕ್ಷರಗಳ ಯುಡಿನ್ ಸಂಖ್ಯೆಯೂ ಕಡ್ಡಾಯ. ಸಹಿ ಅಸಲಿಯೇ ಎಂದು ಯಾರು ಬೇಕಾದರೂ ಫೋನಿನಲ್ಲೇ ನೋಡಬಹುದು.

ಮುಂದಿನ ಸಭೆಯಲ್ಲಿ ಸಿಎ ವರದಿ ಓದಿದರೆ ಆ ಸಂಖ್ಯೆ ಕೇಳೋಣ. ನಮ್ಮ ಅಜ್ಜಂದಿರಿಗೆ ಹಾಗೆ ಕೇಳುವ ದಾರಿ ಇರಲಿಲ್ಲ.